ಫಾಕ್ಸ್‌ಬಾಡಿನಾ, ಜಿ-ಬಾಡಿನಾ, ಕ್ಯಾಮರೋನಾ, ಇಂಪಾಲಾನಾ? 80–90ರ ದಶಕದ ಅಮೆರಿಕನ್ ಕಾರು ಆರಿಸುವವರಿಗೆ

ಅಮೆರಿಕದಲ್ಲಿ ಹಳೆ ಕಾರಿನ ಹುಚ್ಚು ಹತ್ತಿದವರು ಮೊದಲು ಹುಡುಕುವುದು 1967ರ ಮಸ್ಟ್ಯಾಂಗ್, 1969ರ ಕ್ಯಾಮರೋ, ಇಲ್ಲಾಂದ್ರೆ 1970ರ ಚಾಲೆಂಜರ್. ಬೆಲೆ ನೋಡಿದ ಮೇಲೆ ಉತ್ಸಾಹ ಅರ್ಧ ಇಳಿಯುತ್ತದೆ. ಸರಿ, ಸಾಲ ಸೋಲ ಮಾಡಿ ತಂದರು ಅಂತಲೇ ಇಟ್ಟುಕೊಳ್ಳಿ. ಅಷ್ಟು ದುಡ್ಡು ಸುರಿದ ಕಾರಿನ ಮೈಗೆ ಕಟಿಂಗ್ ಮಷಿನ್ ಹಚ್ಚಲು ಯಾರಿಗೆ ಕೈ ಬರುತ್ತೆ ಹೇಳಿ? ತಮ್ಮಿಷ್ಟದ ಹಾಗೆ ಕಟ್ಟಿಸಿಕೊಳ್ಳಬೇಕು ಅಂತ ಹೊರಟವರು ಕೊನೆಗೆ ಕಾರಿಗೆ ಕಾವಲು ಕೂರುತ್ತಾರೆ.

ಅದಕ್ಕೇ ನನ್ನ ಓಟು 80 ಮತ್ತು 90ರ ದಶಕದ ಕಾರುಗಳಿಗೆ. ಮುಂದೆ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್, ಹಿಂದಿನ ಚಕ್ರಕ್ಕೆ ಓಟ. ಎಲೆಕ್ಟ್ರಾನಿಕ್ಸ್ ಇದೆ, ಆದರೆ ತಲೆ ಕೆಡಿಸುವಷ್ಟಿಲ್ಲ. ಏಸಿ, ಪವರ್ ಸ್ಟೇರಿಂಗ್ ಕಂಪನಿಯಿಂದಲೇ ಬಂದಿರುತ್ತದೆ. ಬಹಳ ವರ್ಷ ಇವನ್ನು ಯಾರೂ ಕ್ಲಾಸಿಕ್ ಅಂತ ಕರೆಯಲಿಲ್ಲ. ಕಾಲೇಜು ಹುಡುಗರು ಓಡಿಸಿ ಓಡಿಸಿ ಗುಜರಿಗೆ ಹಾಕಿದರು. ಉಳಿದವನ್ನು ಈಗ ಜನ ಹುಡುಕಿಕೊಂಡು ಹೋಗುತ್ತಿದ್ದಾರೆ. ಬದಲಾಯಿಸಿದರೆ “ಅಯ್ಯೋ, ಇತಿಹಾಸ ಹಾಳಾಯ್ತು” ಅಂತ ಯಾರೂ ಅಳುವುದಿಲ್ಲ. ಒಂದೆರಡು ಮಾದರಿ ಬಿಟ್ಟು. ಅದನ್ನು ಮುಂದೆ ಹೇಳುತ್ತೇನೆ.

ಇದು ಮುಖ್ಯವಾಗಿ ಅಮೆರಿಕದಲ್ಲಿರುವ ಕನ್ನಡಿಗರಿಗೆ. ಊರಲ್ಲಿರುವವರು ಓದಿ ಖುಷಿಪಡಬಹುದು. ಆದರೆ 80ರ ದಶಕದ, ಎಡಗಡೆ ಸ್ಟೇರಿಂಗ್ ಇರುವ ಕಾರನ್ನು ಸಾಮಾನ್ಯ ದಾರಿಯಲ್ಲಿ ಬೆಂಗಳೂರಿಗೆ ತರಿಸಿಕೊಳ್ಳುವುದು ಆಗಹೋಗುವ ಮಾತಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಇಂಜಿನ್ ನೋಡಿ ಕಾರು ಆರಿಸುತ್ತಾರೆ. ಅದು ಉಲ್ಟಾ. ಇಂಜಿನ್ನು, ಗೇರ್‌ಬಾಕ್ಸು, ಬ್ರೇಕು ಎಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ತುಕ್ಕು ತಿನ್ನದ ಬಾಡಿ, ನೆಟ್ಟಗಿರುವ ಚಾಸಿ, ನಿಮ್ಮ ರಾಜ್ಯದಲ್ಲಿ ರಿಜಿಸ್ಟರ್ ಆಗುವ ಕಾಗದ, ಈ ಮೂರು ಆಮೇಲೆ ಕೊಳ್ಳಲು ಆಗುವುದಿಲ್ಲ.

ಕಾರಿಗಿಂತ ಮೊದಲು ರಾಜ್ಯ

ಕ್ಯಾಲಿಫೋರ್ನಿಯಾದವರು ಇದನ್ನು ಎರಡು ಸಲ ಓದಿ. ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿಗೆ ಸ್ಮಾಗ್ ಪರೀಕ್ಷೆ, ಅಂದರೆ ಹೊಗೆ ತಪಾಸಣೆ, ಇಲ್ಲ. 1976ರಿಂದ ಈಚೆಗಿನ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೊಮ್ಮೆ ಇದೆ. ಕಾರಿಗೆ ನಲವತ್ತು ವರ್ಷ ತುಂಬಿದ್ದರೂ ಬಿಡುವುದಿಲ್ಲ. ನಾನು ಇಲ್ಲಿ ಹೇಳುತ್ತಿರುವ ಎಲ್ಲ ಕಾರೂ ಈ ಬಲೆಯೊಳಗೇ ಬರುತ್ತವೆ.

ಪರೀಕ್ಷೆ ಅಂದರೆ ಬರೀ ಸೈಲೆನ್ಸರ್‌ಗೆ ಪೈಪ್ ಹಾಕಿ ಹೊಗೆ ಅಳೆಯುವುದಲ್ಲ. ಬಾನೆಟ್ ಎತ್ತಿ, ಕಂಪನಿ ಕೊಟ್ಟ ಸಾಮಾನೆಲ್ಲ ಇದೆಯಾ ಅಂತ ನೋಡುತ್ತಾರೆ. ಹೊರಗಿನ ಇನ್‌ಟೇಕ್, ಹೆಡರ್ (ಇಂಜಿನ್ನಿನಿಂದ ಹೊಗೆ ಒಯ್ಯುವ ಪೈಪು) ಹಾಕಿಸಿದ್ದರೆ ಅದಕ್ಕೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕೊಟ್ಟ ಒಪ್ಪಿಗೆ ನಂಬರ್ ಇರಬೇಕು. ಹೊಗೆ ಎಷ್ಟೇ ಸ್ವಚ್ಛವಾಗಿದ್ದರೂ ಆ ನಂಬರ್ ಇಲ್ಲದಿದ್ದರೆ ಫೇಲ್. ಇಂಜಿನ್ ಬದಲಿಸಿದ್ದರೆ ನಿಯಮ ಇನ್ನೂ ಬಿಗಿ. ಹಾಕುವ ಇಂಜಿನ್ ಕಾರಿನ ವರ್ಷದ್ದೇ ಆಗಿರಬೇಕು, ಇಲ್ಲ ಅದಕ್ಕಿಂತ ಹೊಸದಾಗಿರಬೇಕು. ಆ ಇಂಜಿನ್ ಜೊತೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್ ಎಲ್ಲವೂ ಬರಬೇಕು. ಆಮೇಲೆ ರೆಫರಿ, ಅಂದರೆ ಇಂಥ ಕಾರು ಪರೀಕ್ಷಿಸುವ ಅಧಿಕೃತ ಪರೀಕ್ಷಕರ ಹತ್ತಿರ ಹೋಗಿ ಮುದ್ರೆ ಹಾಕಿಸಿಕೊಳ್ಳಬೇಕು. ಇದನ್ನೆಲ್ಲ ಒಂದೇ ಸಲ ಮುಗಿಸಬೇಕು ಅನ್ನುವವರಿಗಾಗಿ ಷೆವರ್ಲೆ ಇ-ರಾಡ್ ಅನ್ನುವ ಹೆಸರಲ್ಲಿ ಒಪ್ಪಿಗೆ ಇರುವ ಇಂಜಿನ್ ಸೆಟ್ ಮಾರಿದೆ. ಅಗ್ಗ ಅಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಟೆಕ್ಸಾಸ್‌ನವರು ಪುಣ್ಯವಂತರು. 25 ವರ್ಷ ದಾಟಿದ ಕಾರಿಗೆ ಅಲ್ಲಿ ಹೊಗೆ ಪರೀಕ್ಷೆ ಇಲ್ಲ. 2025ರ ಜನವರಿಯಿಂದ ಸ್ವಂತ ಕಾರುಗಳ ಸುರಕ್ಷತಾ ಪರೀಕ್ಷೆಯನ್ನೂ ತೆಗೆದುಹಾಕಿದ್ದಾರೆ. ಮಿಷಿಗನ್‌ನಲ್ಲೂ ಇಂಥ ಕಾಟ ಇಲ್ಲ. ಆದರೆ ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಸರ್ಕಾರ ಬಿಟ್ಟ ಕಾರನ್ನು ಉಪ್ಪು ಹಿಡಿದುಕೊಳ್ಳುತ್ತದೆ. ಹಾಗಾಗಿ ಡೆಟ್ರಾಯ್ಟ್ ಕಡೆಯವರು ಅರಿಜೋನಾ, ನ್ಯೂ ಮೆಕ್ಸಿಕೋದಿಂದ ಕಾರು ತರಿಸುವುದು ಮಾಮೂಲು. ಆ ಕಾರುಗಳ ಡ್ಯಾಶ್‌ಬೋರ್ಡ್ ಬಿಸಿಲಿಗೆ ಸೀಳಿರುತ್ತದೆ, ಸೀಟು ಹರಿದಿರುತ್ತದೆ. ಇರಲಿ ಬಿಡಿ. ಸೀಟು ಹೊಲಿಸಬಹುದು.

ಫಾಕ್ಸ್‌ಬಾಡಿ ಮಸ್ಟ್ಯಾಂಗ್: ಕಲಿಯಲು ಇದಕ್ಕಿಂತ ಒಳ್ಳೆ ಶಾಲೆ ಇಲ್ಲ

1979ರಿಂದ 1993ರವರೆಗೆ ಬಂದ ಮಸ್ಟ್ಯಾಂಗ್ ಇದು. ಫೋರ್ಡ್‌ನ ಫಾಕ್ಸ್ ಚಾಸಿ ಮೇಲೆ ಕಟ್ಟಿದ್ದರಿಂದ ಈ ಹೆಸರು. ಡಬ್ಬದ ಹಾಗೆ ಚೌಕ, ಹಗುರ. 5.0 ಎಲ್‌ಎಕ್ಸ್ ಕೂಪೆ ಸುಮಾರು 1,400 ಕೆಜಿ ಅಷ್ಟೇ. ಅದೇ ಇದರ ಗುಟ್ಟು. 225 ಎಚ್‌ಪಿ ಅಂದರೆ ಇವತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಹಗುರ ಕಾರಿಗೆ ಅಷ್ಟು ಹಾಕಿ, ಟಿ-5 ಐದು ಗೇರಿನ ಬಾಕ್ಸ್ ಕೊಟ್ಟರೆ ಪಿಕಪ್ ಹೇಗಿರುತ್ತೆ ಅಂತ ಓಡಿಸಿದವರಿಗೇ ಗೊತ್ತು. ಕ್ಯಾಲಿಫೋರ್ನಿಯಾ ಹೈವೇ ಪೊಲೀಸರು 1982ರಿಂದ ಇದನ್ನೇ ಕೊಂಡು ವೇಗದ ಕಾರುಗಳನ್ನು ಹಿಡಿಯುತ್ತಿದ್ದರು. “5.0” ಅಂತ ಬ್ಯಾಡ್ಜ್ ಇದ್ದರೂ ಇಂಜಿನ್ ಅಸಲಿಗೆ 4.9 ಲೀಟರ್. ಅದನ್ನು ಎತ್ತಿ ಹೇಳಿದರೆ ಫೋರ್ಡ್‌ನವರಿಗೆ ಸಿಟ್ಟು ಬರುತ್ತೆ, ಸುಮ್ನಿರಿ.

ಈ ಕಾರು ನಿಂತೇಹೋಗುವುದರಲ್ಲಿತ್ತು. ಮಜ್ದಾ ಜೊತೆ ಸೇರಿ ಮಾಡುತ್ತಿದ್ದ, ಮುಂದಿನ ಚಕ್ರ ಓಡುವ ಹೊಸ ಕಾರಿಗೆ ಮಸ್ಟ್ಯಾಂಗ್ ಹೆಸರು ಇಡಲು ಫೋರ್ಡ್ ಹೊರಟಿತ್ತು. ಸುದ್ದಿ ಹೊರಬಿದ್ದ ಮೇಲೆ ಅಭಿಮಾನಿಗಳ ಕಾಗದ ರಾಶಿ ರಾಶಿ ಬಂದವು. ಕೊನೆಗೆ ಆ ಕಾರು ಪ್ರೋಬ್ ಅನ್ನುವ ಹೆಸರಲ್ಲಿ ಬೇರೆಯಾಗಿ ಬಂತು. ಮಸ್ಟ್ಯಾಂಗ್ ಉಳಿಯಿತು.

ವರ್ಷ ಆರಿಸುವಾಗ ಎಚ್ಚರ. 1985ರದ್ದು ಕಾರ್ಬ್ಯುರೇಟರ್ ಇರುವ ಕೊನೆಯ 5.0 ಮ್ಯಾನುಯಲ್. 1986ರಿಂದ ಫ್ಯುಯಲ್ ಇಂಜೆಕ್ಷನ್, ಜೊತೆಗೆ ಹಿಂದಿನ ಆಕ್ಸಲ್ 8.8 ಇಂಚಿನದು, ಗಟ್ಟಿ. 1987ರಲ್ಲಿ ಮುಖ ಬದಲಾಯಿತು, 225 ಎಚ್‌ಪಿ ಬಂತು. ಆದರೆ ಬದಲಾವಣೆ ಮಾಡಿಸುವವರಿಗೆ ಬೇಕಾದ ವರ್ಷ 1989 ಮತ್ತು ಆಮೇಲಿನದು. ಯಾಕೆ ಅಂದರೆ, ಅದಕ್ಕೆ ಮೊದಲಿನ ಹೆಚ್ಚಿನ ಕಾರುಗಳಲ್ಲಿ ಕಂಪ್ಯೂಟರ್ ಇಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುತ್ತಿರಲಿಲ್ಲ, ಒತ್ತಡ ನೋಡಿ ಅಂದಾಜು ಮಾಡುತ್ತಿತ್ತು. ದೊಡ್ಡ ಕ್ಯಾಮ್ (ಇಂಜಿನ್ ವಾಲ್ವ್ ತೆರೆಯುವ ದಂಡ) ಹಾಕಿದರೆ ಅಂದಾಜು ತಪ್ಪಿ ಐಡಲ್‌ನಲ್ಲಿ ಕಾರು ನಡುಗುತ್ತದೆ. 1989ರಿಂದ ಎಲ್ಲ 5.0ಗಳಲ್ಲೂ ಗಾಳಿ ಅಳೆಯುವ ಮಾಸ್ ಏರ್ ಮೀಟರ್ ಬಂತು. ಕ್ಯಾಮ್, ಹೆಡ್ ಏನು ಬದಲಿಸಿದರೂ ಸುಮಾರಾಗಿ ಹೊಂದಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಕೊಟ್ಟ ಕಾರುಗಳಲ್ಲಿ ಒಂದು ವರ್ಷ ಮೊದಲೇ, 1988ರಲ್ಲೇ ಇತ್ತು.

ಈಗ ರೋಗಗಳು. ನೋಡಲು ಹೋದಾಗ ಹಿಂದಿನ ಸೀಟು ಎತ್ತಿಸಿ, ಕೆಳಗಿನ ನೆಲ ನೋಡಿ. ಆಮೇಲೆ ಕಾರಿನ ಅಡಿಗೆ ಟಾರ್ಚ್ ಹಿಡಿದು, ಹಿಂದಿನ ಆಕ್ಸಲ್ ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳು ಬಾಡಿಯ ಜೊತೆ ಸೇರುವ ಜಾಗ ನೋಡಿ. ಇದಕ್ಕೆ ಟಾರ್ಕ್ ಬಾಕ್ಸ್ ಅನ್ನುತ್ತಾರೆ. ಸಿಗ್ನಲ್‌ನಲ್ಲಿ ಕ್ಲಚ್ ಎಗರಿಸಿ ಓಡಿಸಿದ ಕಾರುಗಳಲ್ಲಿ ಇಲ್ಲಿನ ವೆಲ್ಡ್ ಬಿಟ್ಟುಕೊಂಡು ತಗಡು ಹರಿದಿರುತ್ತದೆ. ಹೊಸ ಪೇಂಟ್ ಮಿಂಚುತ್ತಿದ್ದರೂ ಈ ಜಾಗ ಸುಳ್ಳು ಹೇಳುವುದಿಲ್ಲ. ಹರಿದಿದ್ದರೆ ರಿಪೇರಿ ಆಗುತ್ತದೆ, ಬೆಲೆಯಲ್ಲಿ ಇಳಿಸಿಕೊಳ್ಳಿ. ಇಡೀ ಬಾಡಿಯೂ ಸ್ವಲ್ಪ ನುಲಿಯುವ ಸ್ವಭಾವದ್ದು. ಅದಕ್ಕೇ ಮುಂದಿನ, ಹಿಂದಿನ ಸಬ್‌ಫ್ರೇಮ್ ಕೂಡಿಸುವ ಎರಡು ಪಟ್ಟಿ ವೆಲ್ಡ್ ಮಾಡಿಸುವುದು ಮೊದಲ ಕೆಲಸ. ಚಕ್ರ, ಪೇಂಟ್ ಎಲ್ಲ ಆಮೇಲೆ.

ಬ್ರೇಕ್ ಬಗ್ಗೆ ಏನು ಹೇಳುವುದು. ಹಿಂದೆ ಡ್ರಮ್, ಮುಂದೆ ಚಿಕ್ಕ ಡಿಸ್ಕ್, ನಾಲ್ಕೇ ನಟ್ಟಿನ ಚಕ್ರ. 1994–2004ರ ಮಸ್ಟ್ಯಾಂಗ್‌ನ ಸಾಮಾನು ತಂದು ಐದು ನಟ್ಟು, ನಾಲ್ಕೂ ಕಡೆ ಡಿಸ್ಕ್ ಮಾಡಿಸಿಕೊಳ್ಳುವುದು ಇಲ್ಲಿ ಹಬ್ಬಕ್ಕೆ ಹೋಳಿಗೆ ಮಾಡಿದಷ್ಟೇ ರೂಢಿ. ಇಂಜಿನ್‌ಗೂ ಹಾಗೇ. 1990ರ ದಶಕದ ಕೊನೆಯ ಫೋರ್ಡ್ ಎಕ್ಸ್‌ಪ್ಲೋರರ್ 5.0ದ ಇನ್‌ಟೇಕ್ ಗುಜರಿಯಲ್ಲಿ ಸಿಕ್ಕರೆ ಹಾಕಿಸಿಕೊಳ್ಳುತ್ತಾರೆ. ಒಂದು ಮಿತಿ ನೆನಪಿರಲಿ. ಟರ್ಬೋ, ಸೂಪರ್‌ಚಾರ್ಜರ್ ಹಾಕಿ 500 ಎಚ್‌ಪಿ ಆಸುಪಾಸಿಗೆ ಹೋದರೆ ಈ ಬ್ಲಾಕ್ ನಡುವೆ ಸೀಳುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕಿಂತ ಮೇಲೆ ಬೇಕಾದವರು 2011ರಿಂದ ಬಂದ ಕಯೋಟಿ 5.0 ಇಂಜಿನ್ ಇಳಿಸುತ್ತಾರೆ. ಅದು ಅಗಲ ಜಾಸ್ತಿ, ಇಂಜಿನ್ ಕೂರುವ ಮುಂದಿನ ಚೌಕಟ್ಟು, ಅಂದರೆ ಕೆ-ಮೆಂಬರನ್ನೇ ಬದಲಿಸಬೇಕಾಗುತ್ತದೆ.

ಎಲ್‌ಎಕ್ಸ್ ಕೊಳ್ಳಬೇಕಾ, ಜಿಟಿನಾ? ನನ್ನ ಕಣ್ಣಿಗೆ ಎಲ್‌ಎಕ್ಸ್ ನಾಚ್‌ಬ್ಯಾಕೇ (ಡಿಕ್ಕಿ ಬೇರೆಯಾಗಿ ಎದ್ದು ಕಾಣುವ ಮೈಕಟ್ಟು) ಚೆಂದ. ಮೈಮೇಲೆ ಪ್ಲಾಸ್ಟಿಕ್ ಕಡಿಮೆ. ಜಿಟಿ ಅದೇ ಇಂಜಿನ್ನಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದು. 1993ರ ಕೋಬ್ರಾ ಸಿಕ್ಕರೆ, 4,993 ಮಾತ್ರ ಬಂದಿದ್ದು, ಬದಲಾಯಿಸಲು ಕೈ ಹಚ್ಚಬೇಡಿ. ಸಲೀನ್ ಸಂಸ್ಥೆ 1984ರಿಂದ ಬದಲಾಯಿಸಿ ಮಾರಿದ ಮಸ್ಟ್ಯಾಂಗ್‌ಗಳಿಗೂ ಅದೇ ಮಾತು. ಅವು ಈಗಾಗಲೇ ಕಸ್ಟಮ್, ಅದರ ಮೇಲೆ ಇನ್ನೊಂದು ಕಸ್ಟಮ್ ಬೇಡ. ನಾಲ್ಕು ಸಿಲಿಂಡರ್ ಎಲ್‌ಎಕ್ಸ್ ತಂದು ವಿ8 ಇಳಿಸುವುದು ಜಾಣತನ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ವೈರಿಂಗ್ ಎಲ್ಲ ಸೇರಿದರೆ ಒಳ್ಳೆ 5.0 ಕಾರೇ ಬರುತ್ತಿತ್ತು. ಬಾಡಿ ಅಪ್ಪಟವಾಗಿದ್ದರೆ ಮಾತ್ರ ಆ ದಾರಿ.

ಜಿ-ಬಾಡಿ: ನಿಧಾನ ಹೋಗುವವರ ರಾಜ

ಇಲ್ಲಿ ಒಂದು ಕಾರಲ್ಲ, ಒಂದು ಮನೆತನವೇ ಇದೆ. ಷೆವರ್ಲೆ ಮಾಂಟೆ ಕಾರ್ಲೋ, ಬ್ಯೂಯಿಕ್ ರೀಗಲ್, ಓಲ್ಡ್ಸ್‌ಮೊಬೀಲ್ ಕಟ್ಲಸ್, ಪಾಂಟಿಯಾಕ್ ಗ್ರ್ಯಾನ್ ಪ್ರೀ, ಜೊತೆಗೆ ಎಲ್ ಕಮೀನೋ. 1978ರಿಂದ 1988ರವರೆಗೆ ಒಂದೇ ಅಸ್ತಿಭಾರದ ಮೇಲೆ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ನಾಲ್ಕು ಬ್ರ್ಯಾಂಡ್. ಫಾಕ್ಸ್‌ಬಾಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ, ಇದರಲ್ಲಿ ಲಾರಿಯ ಹಾಗೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಎತ್ತಿ ಪಕ್ಕಕ್ಕಿಟ್ಟು ಚಾಸಿಯನ್ನು ಉಜ್ಜಿ, ಗಟ್ಟಿ ಮಾಡಿ, ಪೇಂಟ್ ಹೊಡೆಸಬಹುದು.

ಈ ಗುಣಕ್ಕೇ ಲೋರೈಡರ್ ಜನ, ಅಂದರೆ ಕಾರನ್ನು ನೆಲಕ್ಕೆ ತಗ್ಗಿಸಿ ನಿಧಾನವಾಗಿ ಮೆರೆಸುವವರು, ಇದನ್ನು ಮೆಚ್ಚುವುದು. ಡಿಕ್ಕಿಯಲ್ಲಿ ಬ್ಯಾಟರಿ ಸಾಲು, ಹೈಡ್ರಾಲಿಕ್ ಪಂಪು, ಸ್ವಿಚ್ ಒತ್ತಿದರೆ ಮುಂದಿನ ಚಕ್ರ ನೆಗೆಯುವುದು. ಆ ಹೊಡೆತ ತಡೆಯಲು ಚಾಸಿಗೆ ತಗಡು ಹೊದಿಸಿ ವೆಲ್ಡ್ ಮಾಡಿಸುತ್ತಾರೆ. ಚಕ್ರ 13 ಇಂಚಿನ ತಂತಿಯದು. ಪೂರ್ವ ಲಾಸ್ ಏಂಜಲೀಸ್‌ನ ವಿಟಿಯರ್ ಬುಲೆವಾರ್ಡ್ ಮತ್ತು ನಮ್ಮವರು ತುಂಬಿರುವ ಸ್ಯಾನ್ ಹೋಸೆ, ಎರಡೂ ಈ ಕಲೆಯ ತವರು. ಇದನ್ನು ಬೆಳೆಸಿದವರು ಮೆಕ್ಸಿಕನ್ ಅಮೆರಿಕನ್ನರು. ಅವರ ಕಾರುಗಳ ಪೇಂಟನ್ನು ಹತ್ತಿರ ನಿಂತು ನೋಡಬೇಕು. ಕ್ಯಾಂಡಿ ಬಣ್ಣ ಅಂದರೆ ಕೆಳಗೆ ಬೆಳ್ಳಿ ಅಥವಾ ಚಿನ್ನದ ಪದರ, ಅದರ ಮೇಲೆ ಬಣ್ಣದ ಗಾಜಿನಂಥ ಪಾರದರ್ಶಕ ಪದರಗಳು, ಪದರದ ಮೇಲೆ ಪದರ. ಬಿಸಿಲಿಗೆ ಬಂದರೆ ಆಳದಿಂದ ಹೊಳೆಯುತ್ತದೆ. ಅಂಥ ಪೇಂಟ್‌ಗೆ ಗೀರು ಬಿದ್ದರೆ ಟಚಪ್ ಸಾಲದು, ಆ ಇಡೀ ಭಾಗ ಮತ್ತೆ ಹೊಡೆಸಬೇಕು.

ಬಹಳ ವರ್ಷ ಕ್ಯಾಲಿಫೋರ್ನಿಯಾದ ಊರುಗಳು ಇವರ ರಸ್ತೆ ಮೆರವಣಿಗೆಗೆ ನಿಷೇಧ ಹಾಕಿದ್ದವು. 2023ರಲ್ಲಿ ಸಹಿ ಬಿದ್ದ ರಾಜ್ಯ ಕಾನೂನು 2024ರ ಜನವರಿ 1ರಿಂದ ಆ ನಿಷೇಧಗಳನ್ನು ತೆಗೆದುಹಾಕಿತು. ಕಾರನ್ನು ಇಂತಿಷ್ಟಕ್ಕಿಂತ ಕೆಳಗೆ ಇಳಿಸಬಾರದು ಅನ್ನುವ ಹಳೆ ನಿಯಮವೂ ಅದರ ಜೊತೆ ಹೋಯಿತು. ಸ್ಯಾನ್ ಹೋಸೆ ಅದಕ್ಕೂ ಮುಂಚೆ, 2022ರಲ್ಲೇ ತನ್ನ ನಿಷೇಧ ಕೈಬಿಟ್ಟಿತ್ತು. ಹಾಗಾಗಿ ನಿಧಾನ ಹೋಗುವ ಕಾರು ಬೇಕು ಅನ್ನುವವರಿಗೆ ಇದು ಒಳ್ಳೆ ಕಾಲ. ಹೈಡ್ರಾಲಿಕ್ ಬೇಡ ಅಂದರೆ ಸ್ಪ್ರಿಂಗ್ ಬದಲು ಹಾಕುವ, ಗಾಳಿ ತುಂಬುವ ಏರ್ ಬ್ಯಾಗ್ ಇದೆ, ದಿನಾ ಓಡಿಸಲು ಅದೇ ವಾಸಿ. ಸ್ಪ್ರಿಂಗ್ ಕತ್ತರಿಸಿ ಇಳಿಸುವ ಗ್ಯಾರೇಜಿಗೆ ಮಾತ್ರ ಹೋಗಬೇಡಿ.

ವೇಗದ ಕಡೆಗೂ ಜಿ-ಬಾಡಿ ಬರುತ್ತದೆ. ಮಾಂಟೆ ಕಾರ್ಲೋ ಎಸ್‌ಎಸ್ 1983ರಿಂದ ಬಂತು. ನೋಡಲು ಹುಲಿ, ಆದರೆ 305 ವಿ8 ಕೊಡುತ್ತಿದ್ದುದು ಬರೀ 180 ಎಚ್‌ಪಿ. ಅದರಲ್ಲೇ ಏರೋಕೂಪೆ ಅಂತ ಹಿಂದಿನ ಗಾಜು ಇಳಿಜಾರಾಗಿರುವ ಮಾದರಿ ಇದೆ. ನ್ಯಾಸ್ಕಾರ್ ರೇಸಿಗಾಗಿ ಮಾಡಿದ್ದು, 1986ರಲ್ಲಿ 200, 1987ರಲ್ಲಿ 6,052. ಆ ಗಾಜಿನಿಂದ ಡಿಕ್ಕಿ ಬಾಗಿಲು ಎಷ್ಟು ಚಿಕ್ಕದಾಗಿದೆ ಅಂದರೆ ವಿಮಾನ ನಿಲ್ದಾಣಕ್ಕೆ ಅತ್ತೆ ಮಾವನನ್ನು ಕರೆತರಲು ಹೋಗಬೇಡಿ. ಸಾದಾ ಎಸ್‌ಎಸ್ ತಂದು, 1999ರ ನಂತರದ ಸಿಲ್ವರಾಡೋ, ಟಾಹೋ ಗಾಡಿಗಳ 5.3 ಲೀಟರ್ ವಿ8, ಅಂದರೆ ಎಲ್‌ಎಸ್ ಇಂಜಿನ್ ಗುಜರಿಯಿಂದ ಎತ್ತಿ ಕೂರಿಸಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಬಾನೆಟ್ ಅಡಿ ಜಾಗ ಧಾರಾಳ. ಆದರೆ ಹೆಚ್ಚಿನ ಜಿ-ಬಾಡಿಗಳ ಹಿಂದಿನ 7.5 ಇಂಚಿನ ಆಕ್ಸಲ್ ಆ ಶಕ್ತಿಗೆ ತಡೆಯುವುದಿಲ್ಲ. ಅದಕ್ಕೂ ದುಡ್ಡು ಎತ್ತಿಡಿ.

ಇನ್ನು ಗ್ರ್ಯಾಂಡ್ ನ್ಯಾಷನಲ್. ಕರಿ ಬ್ಯೂಯಿಕ್. ವಿ8 ಅಲ್ಲ, 3.8 ಲೀಟರ್ ವಿ6 ಟರ್ಬೋ. 1986ರಲ್ಲಿ ಇಂಟರ್‌ಕೂಲರ್ ಬಂದು 235 ಎಚ್‌ಪಿ, 1987ರಲ್ಲಿ 245. ಸಿಗ್ನಲ್‌ನಿಂದ ಸಿಗ್ನಲ್‌ಗೆ ಆ ಕಾಲದ ಕಾರ್ವೆಟ್‌ಗೂ ನೀರು ಕುಡಿಸುತ್ತಿತ್ತು. 1987ರ ಜಿಎನ್‌ಎಕ್ಸ್ ಇದ್ದದ್ದು 547 ಮಾತ್ರ, ಲೆಕ್ಕಕ್ಕೆ 276 ಎಚ್‌ಪಿ. ಅದು ಇವತ್ತು ಒಂದು ಲಕ್ಷ ಡಾಲರ್ ದಾಟಿದ ಸಾಮಾನು. ನಾನು ಮೊದಲು ಹೇಳಿದ “ಕೈ ಹಚ್ಚಬಾರದ” ಕಾರುಗಳಲ್ಲಿ ಇದೂ ಒಂದು. ಗ್ರ್ಯಾಂಡ್ ನ್ಯಾಷನಲ್‌ಗೆ ಎಲ್‌ಎಸ್ ಇಂಜಿನ್ ಇಳಿಸಿದವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಕರಿ ಬ್ಯೂಯಿಕ್ ಬೇಕೇ ಬೇಕು ಅಂದರೆ ಸಾದಾ ರೀಗಲ್ ತನ್ನಿ, ಅದಕ್ಕೆ ಏನು ಬೇಕಾದರೂ ಮಾಡಿ. ಅದೇ ಮೈಕಟ್ಟು, ಬೆಲೆ ಎಷ್ಟೋ ಪಾಲು ಕಡಿಮೆ.

ನೋಡಲು ಹೋದಾಗ ಮಾಡಬೇಕಾದ ಮೊದಲ ಪರೀಕ್ಷೆ ಬಾಗಿಲದು. ಎರಡೇ ಬಾಗಿಲಿನ ಕಾರು, ಹಾಗಾಗಿ ಬಾಗಿಲು ಉದ್ದ, ಭಾರ. ಅರ್ಧ ತೆಗೆದು, ತುದಿ ಹಿಡಿದು ಮೇಲಕ್ಕೆ ಎತ್ತಿ. ಬಾಗಿಲು ಲಟಕ್ ಅಂತ ಮೇಲೆ ಬಂದರೆ ಹಿಂಜ್ ಪಿನ್ ಸವೆದಿದೆ. ಅದು ಸಣ್ಣ ಖರ್ಚು. ಪಿನ್ ಸರಿ ಇದ್ದೂ ಬಾಗಿಲು ಸರಿಯಾಗಿ ಕೂರದಿದ್ದರೆ ಬಾಡಿ ಕೂರುವ ರಬ್ಬರ್ ಮೌಂಟು ಹೋಗಿರಬಹುದು, ಇಲ್ಲ ಚಾಸಿಗೆ ಪೆಟ್ಟಾಗಿರಬಹುದು. ಆಮೇಲೆ ಹಿಂದಿನ ಚಕ್ರದ ಹಿಂಭಾಗಕ್ಕೆ ಹೋಗಿ, ಚಾಸಿಯ ಕೊನೆಯನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ. ಟಣ್ ಅಂದರೆ ಒಳ್ಳೆಯದು, ಮೆತ್ತಗೆ ಕೇಳಿದರೆ ಒಳಗಿನಿಂದ ತುಕ್ಕು. ಬಂಪರ್ ಮತ್ತು ಬಾಡಿ ನಡುವಿನ ಪ್ಲಾಸ್ಟಿಕ್ ಪಟ್ಟಿ ಪುಡಿಯಾಗಿದ್ದರೆ ಹೆದರಬೇಡಿ, ಎಲ್ಲರದೂ ಪುಡಿಯಾಗಿರುತ್ತದೆ. ತಲೆಯ ಮೇಲಿನ ಬಟ್ಟೆ ಜೋತುಬಿದ್ದಿದ್ದರೂ ಅಷ್ಟೇ. 80ರ ದಶಕದ ಜಿಎಂ ಕಾರಿಗೆ ಅದು ಹುಟ್ಟುಗುಣ.

ಮೂರನೇ ತಲೆಮಾರಿನ ಕ್ಯಾಮರೋ, ಫೈರ್‌ಬರ್ಡ್

1982ರಿಂದ 1992. ಫೈರ್‌ಬರ್ಡ್ ಅಂದರೆ ಅದೇ ಕಾರಿನ ಪಾಂಟಿಯಾಕ್ ರೂಪ. ಈ ನಾಲ್ಕರಲ್ಲಿ ತಿರುವು ಚೆನ್ನಾಗಿ ಹಿಡಿಯುವ ಕಾರು ಯಾವುದು ಅಂದರೆ ಇದೇ. 1985ರಿಂದ 1990ರವರೆಗೆ ಬಂದ ಐರಾಕ್-ಜಿ ಅನ್ನುವ ಕ್ಯಾಮರೋ ಎಲ್ಲರಿಗೂ ಗೊತ್ತು. ಹೆಸರು ಒಂದು ರೇಸಿನದು. ಆ ರೇಸಿನ ಪ್ರಾಯೋಜಕತ್ವ ಡಾಡ್ಜ್ ಪಾಲಾದ ಮೇಲೆ ಷೆವರ್ಲೆ ಆ ಹೆಸರು ಬಿಟ್ಟು ಝಡ್28 ಅನ್ನುವ ಹಳೆ ಹೆಸರಿಗೆ ವಾಪಸ್ ಹೋಯಿತು.

ಇಲ್ಲಿ ಒಂದು ತಮಾಷೆ ಇದೆ. 1987ರಿಂದ ಇದಕ್ಕೆ 5.7 ಲೀಟರ್ ಇಂಜಿನ್ ಸಿಕ್ಕಿತು, ಆದರೆ ಆಟೋಮ್ಯಾಟಿಕ್ ಜೊತೆ ಮಾತ್ರ. ಕೈ ಗೇರು ಬೇಕಾ, 5.0 ತಗೊಳ್ಳಿ. ಆಗಿನ ಐದು ಗೇರಿನ ಬಾಕ್ಸ್ 5.7ರ ಟಾರ್ಕ್ ತಡೆಯುತ್ತಿರಲಿಲ್ಲ. ಕಂಪನಿ ಮಾಡದ ಜೋಡಿಯನ್ನು ಈಗ ಅಭಿಮಾನಿಗಳು ಮಾಡಿಸುತ್ತಾರೆ: ಎಲ್‌ಎಸ್ ಇಂಜಿನ್, ಟಿ56 ಆರು ಗೇರು.

ಬೆಲೆಯಲ್ಲಿ ಫಾಕ್ಸ್‌ಬಾಡಿಯಷ್ಟು ಏರಿಲ್ಲ ಅನ್ನುವುದು ಇದರ ಪುಣ್ಯ. ಒಳಗಿನ ಪ್ಲಾಸ್ಟಿಕ್ ಇದರ ಪಾಪ. ತೆಗೆದಿಡಬಹುದಾದ ಛಾವಣಿ ತುಂಡುಗಳಿರುವ ಕಾರು, ಅಂದರೆ ಟಿ-ಟಾಪ್, ನೋಡಲು ಚೆಂದ. ಮಳೆ ಬಂದರೆ ತೊಡೆ ಮೇಲೆ ನೀರು. ನೋಡಲು ಹೋದಾಗ ಕಾರ್ಪೆಟ್ ಎತ್ತಿ ಮೂಸಿ ನೋಡಿ, ಅಷ್ಟು ಸಾಕು. ಸಿಯಾಟಲ್‌ನಲ್ಲಿರುವವರು ಗಟ್ಟಿ ಛಾವಣಿಯದೇ ಹುಡುಕಿ. 1989ರ ಫೈರ್‌ಬರ್ಡ್ ಟರ್ಬೋ ಟ್ರಾನ್ಸ್ ಆಮ್, ಬ್ಯೂಯಿಕ್‌ನ ಅದೇ ಟರ್ಬೋ ವಿ6 ಇರುವುದು, 1,555 ಮಾತ್ರ ಬಂದಿವೆ. ಅದೂ “ಕೈ ಹಚ್ಚಬಾರದ” ಪಟ್ಟಿಗೇ.

1994–96ರ ಇಂಪಾಲಾ ಎಸ್‌ಎಸ್: ಮಕ್ಕಳೊಂದಿಗರಿಗೆ

ಮೇಲಿನ ಎಲ್ಲದರಲ್ಲೂ ಒಂದೇ ತೊಂದರೆ. ಹಿಂದಿನ ಸೀಟಲ್ಲಿ ಮಗುವಿನ ಕಾರ್ ಸೀಟ್ ಕಟ್ಟಲು ಹೋದರೆ ಸೊಂಟ ಹಿಡಿಯುತ್ತದೆ. ಮನೆಯವರ ಒಪ್ಪಿಗೆ ಬೇಕಾದವರಿಗೆ ಇಂಪಾಲಾ ಎಸ್‌ಎಸ್ ಇದೆ. ನಾಲ್ಕು ಬಾಗಿಲು, 5.4 ಮೀಟರ್ ಉದ್ದ, ಸುಮಾರು 1,900 ಕೆಜಿ ತೂಕ, ಸೋಫಾದಂಥ ಹಿಂದಿನ ಸೀಟು.

ಟ್ಯಾಕ್ಸಿ, ಪೊಲೀಸ್ ಗಾಡಿ ಅಂತಲೇ ಹೆಸರಾಗಿದ್ದ ಕ್ಯಾಪ್ರಿಸ್ ಅನ್ನು ಜಿಎಂನ ಜಾನ್ ಮಾಸ್ ಇಳಿಸಿ, ಕರಿ ಬಣ್ಣ ಹೊಡೆಸಿ, ದೊಡ್ಡ ಚಕ್ರ ಹಾಕಿ 1992ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಕಾರು ಸಾಮಾನಿನ ಸೀಮಾ ಮೇಳದಲ್ಲಿ ನಿಲ್ಲಿಸಿದರು. ಜನ ಮುಗಿಬಿದ್ದರು, ಕಂಪನಿ ಮಾರಾಟಕ್ಕೆ ಬಿಟ್ಟಿತು. ಅಂದರೆ ಇದು ಹುಟ್ಟಿನಿಂದಲೇ ಕಸ್ಟಮ್ ಕಾರು. ಕಾರ್ವೆಟ್‌ನ ಇಂಜಿನ್ನಿಗೆ ಸಂಬಂಧಿಯಾದ ಎಲ್‌ಟಿ1, 5.7 ಲೀಟರ್, 260 ಎಚ್‌ಪಿ. ನಾಲ್ಕೂ ಕಡೆ ಡಿಸ್ಕ್ ಬ್ರೇಕ್, 17 ಇಂಚಿನ ಚಕ್ರ. ಮೂರು ವರ್ಷದಲ್ಲಿ ಒಟ್ಟು 69,678 ಬಂದವು, ಟೆಕ್ಸಾಸ್‌ನ ಆರ್ಲಿಂಗ್ಟನ್ ಕಾರ್ಖಾನೆಯಿಂದ. ಆಮೇಲೆ ಆ ಕಾರ್ಖಾನೆಯನ್ನು ದೊಡ್ಡ ಎಸ್‌ಯುವಿಗಳಿಗೆ ಬಿಟ್ಟುಕೊಟ್ಟರು.

1994ರಲ್ಲಿ ಕರಿ ಬಣ್ಣ ಮಾತ್ರ. 1995ರಲ್ಲಿ ಕಡು ಚೆರ್ರಿ ಮತ್ತು ಕಡು ಬೂದು-ಹಸಿರು ಸೇರಿದವು. 1996ರಲ್ಲಿ ಗೇರ್ ಲಿವರ್ ನೆಲಕ್ಕೆ ಬಂತು, ಮುಳ್ಳಿನ ಮೀಟರ್ ಬಂತು. ಹಾಗಾಗಿ 96ಕ್ಕೇ ಗಿರಾಕಿ ಜಾಸ್ತಿ.

ಇದರ ಒಂದು ರೋಗ ಮಾತ್ರ ಚೆನ್ನಾಗಿ ತಿಳಿದಿರಲಿ. ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಇದರಲ್ಲಿ ಇಂಜಿನ್ ಮುಂಭಾಗದಲ್ಲಿ, ವಾಟರ್ ಪಂಪ್‌ನ ಕೆಳಗೆ ಇದೆ. ಆಪ್ಟಿಸ್ಪಾರ್ಕ್ ಅಂತ ಹೆಸರು. ವಾಟರ್ ಪಂಪ್ ಸೋರಿದರೆ ಕೂಲಂಟ್ ನೇರ ಅದರ ತಲೆ ಮೇಲೆ. ಒಳಗೆ ತೇವ ಹೋದರೆ ಕಾರು ಕೆಮ್ಮಲು ಶುರು, ಮಳೆಗಾಲದಲ್ಲಂತೂ ನಿಂತೇಬಿಡಬಹುದು. ಎಂಥ ಬುದ್ಧಿವಂತರು ಅಲ್ಲಿ ಇಟ್ಟರೋ! ಹಾಗಾಗಿ ಬಾನೆಟ್ ಎತ್ತಿದ ತಕ್ಷಣ ಟಾರ್ಚ್ ಹಾಕಿ ವಾಟರ್ ಪಂಪ್ ಅಡಿ ನೋಡಿ. ಒಣಗಿದ ಹಸಿರು ಅಥವಾ ಕಿತ್ತಳೆ ಕಲೆ ಕಂಡರೆ ಎರಡನ್ನೂ ಬದಲಿಸುವ ಖರ್ಚು ಕಳೆದು ಮಾತಾಡಿ. ಬದಲಿಸುವಾಗ ಜೊತೆಯಾಗಿಯೇ ಬದಲಿಸಿ, ಪಂಪ್ ಹಳೆಯದೇ ಬಿಟ್ಟು ಡಿಸ್ಟ್ರಿಬ್ಯೂಟರ್ ಮಾತ್ರ ಹೊಸದು ಹಾಕಿಸಿದರೆ ಅದೂ ಹೋಗುತ್ತದೆ.

ಕಸ್ಟಮ್ ಮಾಡಿಸಲು ಇಂಪಾಲಾದಲ್ಲಿ ಎರಡು ಪಂಗಡ. ಒಂದು ಪಂಗಡ ಕೆಳಗೆ ಇಳಿಸುತ್ತದೆ, ಕರಿ ಬಣ್ಣ ಹಾಗೇ ಬಿಡುತ್ತದೆ. ಇನ್ನೊಂದು ಫ್ಲಾರಿಡಾ ಕಡೆಯದು, ಎತ್ತರಿಸಿ 24, 26 ಇಂಚಿನ ಚಕ್ರ ಹಾಕುತ್ತದೆ. ಅವರ ಭಾಷೆಯಲ್ಲಿ 1971–76ರದ್ದು ಡಾಂಕ್, 1977–90ರದ್ದು ಬಾಕ್ಸ್, 1991–96ರದ್ದು ಬಬಲ್. ಅಷ್ಟು ದೊಡ್ಡ ಚಕ್ರದ ಕಾರು ನನಗೆ ಹಿಡಿಸುವುದಿಲ್ಲ, ಬ್ರೇಕ್ ಹಿಡಿಯುವ ದೂರ ನೆನೆಸಿಕೊಂಡರೆ ಹೆದರಿಕೆ. ಆದರೆ ಅವರ ಪೇಂಟ್ ಕೆಲಸಕ್ಕೆ ಕೈಮುಗಿಯಬೇಕು.

ಎಸ್‌ಎಸ್ ಬೆಲೆ ಜಾಸ್ತಿ ಅನ್ನಿಸಿದರೆ ಎರಡು ಅಡ್ಡದಾರಿ. ಪೊಲೀಸ್ ಇಲಾಖೆಗೆ ಕೊಟ್ಟ 9ಸಿ1 ಕ್ಯಾಪ್ರಿಸ್, ಅದೇ 260 ಎಚ್‌ಪಿ ಎಲ್‌ಟಿ1 ಇರುವುದು. ಇಲ್ಲ, ಅದೇ ಇಂಜಿನ್ನಿನ ಬ್ಯೂಯಿಕ್ ರೋಡ್‌ಮಾಸ್ಟರ್ ವ್ಯಾಗನ್. ಮೈಮೇಲೆ ಮರದ ಬಣ್ಣದ ಪಟ್ಟಿ, ಕೊನೆಯಲ್ಲಿ ಹಿಂದಕ್ಕೆ ಮುಖ ಮಾಡಿದ ಮೂರನೇ ಸೀಟು. ಕನ್ನಡ ಕೂಟದ ಯುಗಾದಿಗೆ ಎರಡು ಮನೆಯ ಮಕ್ಕಳನ್ನು ತುಂಬಿಕೊಂಡು ಹೋದರೆ, ಹಿಂದೆ ಬರುವ ಕಾರಿನವರಿಗೆಲ್ಲ ಕೈ ಬೀಸುತ್ತಾ ಕೂರುತ್ತಾರೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಜನ ಇನ್ನೂ ಸರಿಯಾಗಿ ಗುರುತಿಸದ ಕಾರು ಇದೇ.

ಹಾಗಾದರೆ ಯಾವುದು?

ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಲಿಯಬೇಕು ಅನ್ನುವವರಿಗೆ ಫಾಕ್ಸ್‌ಬಾಡಿ. ಹೊಸ ಸಾಮಾನು ಇಷ್ಟು ಸಲೀಸಾಗಿ ಸಿಗುವ ಹಳೆ ಕಾರು ಇನ್ನೊಂದಿಲ್ಲ. ಪೇಂಟ್, ಮೈಕಟ್ಟು, ಭಾನುವಾರ ಸಂಜೆಯ ಸುತ್ತಾಟ ಮುಖ್ಯ ಅಂದರೆ ಜಿ-ಬಾಡಿ. ಕ್ಯಾಲಿಫೋರ್ನಿಯಾದ ಬೆಟ್ಟದ ರಸ್ತೆ ಹುಚ್ಚು ಇರುವವರಿಗೆ ಕ್ಯಾಮರೋ. ಇಡೀ ಮನೆಯವರು ಕೂರಬೇಕು, ಹೆದ್ದಾರಿಯಲ್ಲಿ ಏಸಿ ಹಾಕಿಕೊಂಡು ದೂರ ಹೋಗಬೇಕು ಅಂದರೆ ಇಂಪಾಲಾ ಅಥವಾ ವ್ಯಾಗನ್. ಕ್ಯಾಲಿಫೋರ್ನಿಯಾದಲ್ಲಿದ್ದು ಸ್ಮಾಗ್ ತಂಟೆಯೇ ಬೇಡ ಅಂದರೆ ಈ ನಾಲ್ಕೂ ಬೇಡ. 1975ರ ಅಥವಾ ಅದಕ್ಕಿಂತ ಹಳೆಯ ಷೆವರ್ಲೆ ಸಿ10 ಪಿಕಪ್ ನೋಡಿ.

ಕಾರು ಬರುವ ಮೊದಲು ಮನೆಯ ಕಡೆ ಎರಡು ವಿಷಯ ವಿಚಾರಿಸಿ. ಬಡಾವಣೆ ಸಂಘದ ನಿಯಮದಲ್ಲಿ ಡ್ರೈವ್‌ವೇನಲ್ಲಿ ರಿಪೇರಿ ಮಾಡಬಾರದು, ಓಡದ ಕಾರು ನಿಲ್ಲಿಸಬಾರದು ಅಂತ ಇರುವುದು ಸಾಮಾನ್ಯ. ಎರಡನೆಯದು ವಿಮೆ. ಮಾಮೂಲಿ ವಿಮೆಯವರಿಗೆ 1988ರ ಮಸ್ಟ್ಯಾಂಗ್ ಅಂದರೆ ಬರೀ ಹಳೆ ಗಾಡಿ. ನೀವು ಹಾಕಿಸಿದ ಇಂಜಿನ್, ಪೇಂಟ್ ಯಾವುದಕ್ಕೂ ಬೆಲೆ ಕಟ್ಟುವುದಿಲ್ಲ. ಹ್ಯಾಗರ್ಟಿಯಂಥ ಕಂಪನಿಗಳು ಮೊದಲೇ ಇಂತಿಷ್ಟು ಅಂತ ಮಾತಾಡಿಕೊಂಡ ಮೊತ್ತಕ್ಕೆ ವಿಮೆ ಕೊಡುತ್ತವೆ. ಬದಲಿಗೆ ಕಾರನ್ನು ಗ್ಯಾರೇಜಿನೊಳಗೆ ಇಡಬೇಕು, ದಿನಾ ಆಫೀಸಿಗೆ ಓಡಿಸಬಾರದು ಅನ್ನುವಂಥ ಷರತ್ತು ಇರುತ್ತದೆ. ಕೆಲಸದ ಬಿಲ್ಲು, ಫೋಟೋ ಎಲ್ಲ ಇಟ್ಟುಕೊಳ್ಳಿ.

ಕೊಳ್ಳುವ ದಿನ ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ ಒಂದು ಜೇಬಲ್ಲಿ ಹಾಕಿಕೊಂಡು ಹೋಗಿ. ಬಾಗಿಲ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಹಿಂದಿನ ಗಾಜಿನ ಮೂಲೆ, ಈ ಜಾಗಗಳಲ್ಲಿ ಇಟ್ಟು ನೋಡಿ. ಹಿಡಿಯದೆ ಜಾರಿದರೆ ಪೇಂಟ್ ಅಡಿ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಇಟ್ಟು ಗಾಬರಿಯಾಗಬೇಡಿ. ಕಸ್ಟಮ್ ಆಗಿರುವ ಕಾರನ್ನೇ ಕೊಳ್ಳುತ್ತಿದ್ದರೆ ಬಾನೆಟ್ ಅಡಿಯ ವೈರಿಂಗ್ ನೋಡಿ. ಕೆಲಸ ಮಾಡಿದವನು ಎಂಥವನು ಅಂತ ಅಲ್ಲಿ ಗೊತ್ತಾಗುತ್ತದೆ. ಟೇಪ್ ಸುತ್ತಿ ಸುತ್ತಿ ಬಿಟ್ಟಿದ್ದರೆ ಇಂಜಿನ್ ಎಷ್ಟೇ ಗುಡುಗಲಿ, ಬೇರೆ ಕಾರು ನೋಡಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಅನುಕೂಲ ಇದೆ. ರಾಜ್ಯದ ಆಟೋಮೋಟಿವ್ ರಿಪೇರಿ ಬ್ಯೂರೋ ವೆಬ್‌ಸೈಟ್‌ನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಆ ಕಾರಿನ ಹಿಂದಿನ ಸ್ಮಾಗ್ ಪರೀಕ್ಷೆಗಳ ಚರಿತ್ರೆ ಸಿಗುತ್ತದೆ, ಯಾವಾಗ ಪಾಸು, ಯಾವಾಗ ಫೇಲು ಎಲ್ಲ. ಮಾರುವವರೇ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕು ಅನ್ನುವುದು ಅಲ್ಲಿನ ನಿಯಮ. “ಸುಮ್ನೆ ಒಂದು ಸೆನ್ಸರ್ ಅಷ್ಟೇ, ನೀವೇ ಹಾಕಿಸಿಕೊಳ್ಳಿ, ಐನೂರು ಡಾಲರ್ ಬಿಡ್ತೀನಿ” ಅಂತ ಯಾರಾದರೂ ಅಂದರೆ, ಆ ಸೆನ್ಸರ್ ಅವರೇ ಹಾಕಿಸಿ ಪಾಸ್ ಮಾಡಿಸಿ ತರಲಿ. ಅಲ್ಲಿಯವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.